ಮೌನವಾದ ಚಂದ್ರಯಾನ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಸಂಪರ್ಕ ಕಡಿದು ಏಳು ವರ್ಷವಾದ ಮೇಲೆ ಚಂದ್ರಯಾನ-1 ಅನ್ನು ನಾಸಾದವರು ಪತ್ತೆ ಹಚ್ಚಿದರಂತೆ. ಸಿಗ್ನಲ್ಲನ್ನೇ ಕಳಿಸದ ನೌಕೆ ರೇಡಿಯೊ ದೂರದರ್ಶಕಕ್ಕೆ ಹೇಗೆ ಸಿಕ್ಕಿತು? ಭೂಮಿಯ ಸುತ್ತಲಿನ ಕಸವನ್ನೂ ಹೀಗೇ ಹುಡುಕುತ್ತಾರೆಯೇ?
– ಓದುಗರೊಬ್ಬರು, ಸಾಗರ

ಉತ್ತರ: 2009ರ ಆಗಸ್ಟ್ 29ರಂದು ಸಂಪರ್ಕ ಕಡಿದಾಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಸೋಮವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಹಾಗಾದ್ರೆ ಅದು ಈಗ ಎಲ್ಲಿದೆ ಮೇಡಂ?" ಎಂದಳು. "ಚಂದ್ರನ ಸುತ್ತಲೇ ತಿರುಗ್ತಾ ಇರುತ್ತಮ್ಮ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋ 32 ಮೀಟರ್ ಅಗಲದ ಡಿಶ್ ಆಂಟೆನಾ ಕಟ್ಟಿದ್ದೇ ಚಂದ್ರಯಾನದ ಜೊತೆ ಮಾತಾಡಲು. ನೌಕೆ ಮೌನವಾದ ಮೇಲೆ ಕಿವಿಗೊಟ್ಟು ಕೂತರೆ ಏನೂ ಕೇಳಿಸದು. ನಾವೇ ಕೂಗಿ ಮಾರ್ದನಿಗೆ ಕಾಯಬೇಕು. 2016ರ ಜುಲೈ 2ರಂದು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನಿನ 70 ಮೀಟರ್ ಡಿಶ್ ಚಂದ್ರನ ಕಡೆ ಮೈಕ್ರೋವೇವ್ ಕಿರಣ ಬಿಟ್ಟಿತು. ಎರಡೂವರೆ ಸೆಕೆಂಡಿನಲ್ಲಿ ಮರಳಿದ ಮಾರ್ದನಿಯನ್ನು ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕಿನ 100 ಮೀಟರ್ ದೂರದರ್ಶಕ ಹಿಡಿಯಿತು.

ಆದರೆ ಕೂಗುವುದು ಯಾವ ದಿಕ್ಕಿಗೆ? ನೌಕೆ ಒಂದೂವರೆ ಮೀಟರಿನ ಪೆಟ್ಟಿಗೆ, ದೂರ ಸುಮಾರು 3.8 ಲಕ್ಷ ಕಿ.ಮೀ. ಚಂದ್ರನ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲ, ಹಾಗಾಗಿ ಹಳೆಯ ಲೆಕ್ಕ ನಂಬುವಂತಿರಲಿಲ್ಲ. ಇಲ್ಲಿ ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಒಂದು ಮೂಸಂಬಿಗೆ ತೊಟ್ಟಿನ ಮೇಲೆ ಹಾಯುವಂತೆ ರಬ್ಬರ್ ಬ್ಯಾಂಡ್ ಹಾಕಿ. ಮೂಸಂಬಿಯ ಸುತ್ತ ಅದನ್ನು ಎಷ್ಟು ಸರಿಸಿದರೂ ತೊಟ್ಟು ಮಾತ್ರ ದಾಟಲೇಬೇಕು. ಚಂದ್ರಯಾನ-1ರದ್ದು ಧ್ರುವಗಳ ಮೇಲೆ ಹಾಯುವ ಕಕ್ಷೆ. ಉತ್ತರ ಧ್ರುವದಿಂದ ಸುಮಾರು 160 ಕಿ.ಮೀ. ಮೇಲಕ್ಕೆ ಗುರಿಯಿಟ್ಟು ಕಾದರು. ನಾಲ್ಕು ಗಂಟೆಯಲ್ಲಿ ಪುಟ್ಟದೊಂದು ವಸ್ತು ಎರಡು ಸಲ ಹಾದುಹೋಯಿತು. ಚಂದ್ರಯಾನ ಒಂದು ಸುತ್ತಿಗೆ ತೆಗೆದುಕೊಳ್ಳುವ 2 ಗಂಟೆ 8 ನಿಮಿಷಕ್ಕೆ ಆ ಅಂತರ ತಾಳೆಯಾಯಿತು. ಕಕ್ಷೆಯ ಆಕಾರ ಹಾಗೇ ಇತ್ತು, ನೌಕೆ ಇರುವ ಜಾಗ ಮಾತ್ರ 2009ರ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಅರ್ಧ ಸುತ್ತು ಆಚೀಚೆ! ಮುಂದಿನ ಮೂರು ತಿಂಗಳಲ್ಲಿ ಇನ್ನೂ ಏಳು ಸಲ ಕಂಡಿತು. 2017ರ ಮಾರ್ಚಿನಲ್ಲಿ ಸುದ್ದಿ ಓದಿದಾಗ ಮೊದಲು ನೆನಪಾದವಳು ಆ ಹುಡುಗಿಯೇ.

ಇನ್ನು ಕಸದ ಮಾತು. ಜರ್ಮನಿಯಲ್ಲಿ ವಾಕ್ಟ್‌ಬರ್ಗಿನ ಟೀರಾ ರಾಡಾರ್ ಅಲೆ ಬಿಟ್ಟು, ಎಫೆಲ್ಸ್‌ಬರ್ಗಿನ 100 ಮೀಟರ್ ದೂರದರ್ಶಕ ಮಾರ್ದನಿ ಹಿಡಿದು, ಒಂದು ಸೆಂಟಿಮೀಟರಿನ, ಅಂದರೆ ಕಾಬೂಲಿ ಕಡಲೆಯಷ್ಟು ದೊಡ್ಡ ಚೂರುಗಳನ್ನೂ ಪತ್ತೆ ಮಾಡಿವೆ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಬಯಲಿನಲ್ಲಿ ಹರಡಿದ ಸಾವಿರಾರು ಆಂಟೆನಾಗಳಂತೂ ತಾವಾಗಿ ಕೂಗುವುದೇ ಇಲ್ಲ; ದೂರದ ಎಫ್‌ಎಂ ರೇಡಿಯೊ ಕೇಂದ್ರಗಳ ಕೂಗಿನ ಮಾರ್ದನಿಯನ್ನೇ ಹಿಡಿಯುತ್ತವೆ. ಆ ನಿರ್ಜನ ಜಾಗಕ್ಕೆ ಎಫ್‌ಎಂ ಕೇಂದ್ರಗಳ ಸದ್ದು ನೇರವಾಗಿ ತಲುಪುವುದು ತೀರಾ ಕಡಿಮೆ. ಅದಕ್ಕೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಬಡಿದು ಕೆಳಗಿಳಿಯುವ ಎಫ್‌ಎಂ ಅಲೆ, ಮೇಲೆ ಯಾವುದೋ ಹಾದುಹೋಯಿತೆಂದು ಅಲ್ಲಿ ಸ್ಪಷ್ಟವಾಗಿ ತಿಳಿಸುತ್ತದೆ.