ಅಪ್ಪನ ಲಿವರ್, ಅಣ್ಣ ತರಿಸಿದ ಪುಡಿ

ಪ್ರಶ್ನೆ: ಅಪ್ಪನಿಗೆ ಫ್ಯಾಟಿ ಲಿವರ್. ಫೈಬ್ರೋಸಿಸ್ ಶುರುವಾಗಿದೆ ಎಂದಿದ್ದಾರೆ ಡಾಕ್ಟರ್. ಚೀನಾದ ಗಿಡಮೂಲಿಕೆ ಲಿವರಿನ ಪ್ರೋಟೀನನ್ನೇ ಬದಲಿಸಿ ವಾಸಿ ಮಾಡುತ್ತದಂತೆ. ಅಣ್ಣ ಪುಡಿ ತರಿಸಿದ್ದಾನೆ. ಕೊಡಬಹುದಾ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಸದ್ಯಕ್ಕೆ ಕೊಡಬೇಡಿ ತಾಯಿ. ಯಾಕೆಂದು ಹೇಳುತ್ತೇನೆ.

ಇಲ್ಲಿ ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆಯದ್ದಲ್ಲ. ಜೀವಕೋಶದ ಒಳಗೆ ದುಡಿಯುವ ಪ್ರೋಟೀನ್. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸಿಗೆ ಗುರುತು ಹಾಕುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಹಣ್ಣು ಅದೇ, ಯಾವ ಲಾರಿಗೆ ಅನ್ನೋದು ಗುರುತಿನ ಮೇಲೆ. ಜೀವಕೋಶವೂ ತಯಾರಾದ ಪ್ರೋಟೀನಿಗೆ ಆಮೇಲೆ ಗುರುತು ಅಂಟಿಸುತ್ತದೆ. ಫಾಸ್ಫೇಟ್ ಎಂಬ ಗುರುತು ಅಂಟಿದರೆ ಎಷ್ಟೋ ಪ್ರೋಟೀನುಗಳು ಕೆಲಸಕ್ಕೆ ಏಳುತ್ತವೆ. ಯೂಬಿಕ್ವಿಟಿನ್ ಎಂಬ ಇನ್ನೊಂದು ಗುರುತು ಅಂಟಿದ್ದು ಹೆಚ್ಚಾಗಿ ಗುಜರಿಗೆ ಹೋಗುತ್ತದೆ. ಈ ಗುಜರಿಯ ದಾರಿ ಕಂಡುಹಿಡಿದ ಮೂವರಿಗೆ 2004ರಲ್ಲಿ ನೊಬೆಲ್ ಬಂತು.

ಲಿವರಿಗೆ ಪದೇ ಪದೇ ಪೆಟ್ಟಾದಾಗ ಟಿಜಿಎಫ್-ಬೀಟಾ ಎಂಬ ಸಂದೇಶ ಹೊರಡುತ್ತದೆ. ಅಲ್ಲಿನ ಸ್ಟೆಲೇಟ್ ಎಂಬ ಕೋಶಗಳಲ್ಲಿ ಸ್ಮ್ಯಾಡ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ. ಆ ಕೋಶಗಳು ಕೊಲಾಜೆನ್ ನಾರು ಸುರಿಯತೊಡಗುತ್ತವೆ. ನಾರು ತುಂಬಿ ಲಿವರ್ ಗಟ್ಟಿಯಾಗುವುದೇ ಫೈಬ್ರೋಸಿಸ್.

ಅಣ್ಣ ಓದಿದ್ದು ಪೂರ್ತಿ ಸುಳ್ಳಲ್ಲ. ಗಿಡಮೂಲಿಕೆಯ ಕೆಲವು ಸತ್ವಗಳು ಇಂಥ ಗುರುತುಗಳ ಮೇಲೆ ಕೈಯಾಡಿಸುತ್ತವೆ. ಚೀನೀ ವೈದ್ಯದ ಹುವಾಂಗ್‌ಲಿಯಾನ್ ಎಂಬ ಮೂಲಿಕೆಯಲ್ಲಿ ಬರ್ಬರೀನ್ ಎಂಬ ಸತ್ವ ಇದೆ. ಅದು ಎಎಂಪಿಕೆ ಎಂಬ ಪ್ರೋಟೀನನ್ನು ಎಬ್ಬಿಸಿ ಕೊಬ್ಬಿನ ತಯಾರಿ ತಗ್ಗಿಸುತ್ತದೆ. ನಮ್ಮ ಮರದರಿಶಿನದಲ್ಲೂ ಬರ್ಬರೀನೇ ಇರುವುದು! ಅರಿಶಿನದ ಸತ್ವ ಕರ್ಕ್ಯುಮಿನ್, ಅಸಿಟೈಲ್ ಎಂಬ ಮತ್ತೊಂದು ಗುರುತು ಅಂಟಿಸುವ ಪಿ300 ಕಿಣ್ವವನ್ನು ತಡೆಯುತ್ತದೆ ಎಂದು 2004ರಲ್ಲಿ ತೋರಿಸಿದವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದವರು. ಇದನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ.

ಆದರೆ ಇಂಥದ್ದರಲ್ಲಿ ಬಹುಪಾಲು ಕಂಡದ್ದು ಗಾಜಿನ ತಟ್ಟೆಯ ಕೋಶಗಳಲ್ಲಿ, ಇಲಿಗಳಲ್ಲಿ. ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ತೀರ ಕಡಿಮೆ. ಜಾಸ್ತಿ ಸೇರಲಿ ಎಂದು ಮೆಣಸಿನ ಸತ್ವ ಬೆರೆಸಿದ ಮಾತ್ರೆ ಬಂತು. ಅದನ್ನು ತಿಂದ ಕೆಲವರಿಗೆ ಲಿವರೇ ಕೆಟ್ಟಿತು. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಡಿ, ನಾನು ಹೇಳುತ್ತಿರುವುದು ಮಾತ್ರೆಯ ಮಾತು. ಚೀನಾದ ಹೆ ಶೌ ವು ಬೇರಿನಿಂದ ಲಿವರ್ ಕೆಟ್ಟ ವರದಿಗಳು ಚೀನಾದಿಂದಲೇ ಬಂದಿವೆ. ನಮ್ಮ ಅಮೃತಬಳ್ಳಿಯ ಬಗ್ಗೆಯೂ 2021ರಲ್ಲಿ ಮುಂಬೈ ವೈದ್ಯರು ಎಚ್ಚರಿಸಿದ್ದರು. ನಿಮ್ಮ ಪುಡಿಯಲ್ಲಿ ಏನೇನಿದೆಯೋ ಯಾರಿಗೆ ಗೊತ್ತು?

ಅಪ್ಪನ ತೂಕ ಹೆಚ್ಚಿದ್ದರೆ, ನೂರಕ್ಕೆ ಹತ್ತರಷ್ಟು ಇಳಿದರೆ ನಾರು ಕೂಡ ಕರಗಬಹುದು. ಕುಡಿತ ಇದ್ದರೆ ಇವತ್ತೇ ನಿಲ್ಲಲಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಪುಡಿಯನ್ನು ಈಗಾಗಲೇ ಒಂದೆರಡು ಸಲ ಕೊಟ್ಟಿದ್ದರೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಣ್ಣನನ್ನು ಮಾತ್ರ ಬೈಯಬೇಡಿ. ಅಪ್ಪನ ಮೇಲಿನ ಪ್ರೀತಿಗೇ ತರಿಸಿದ್ದಾನೆ. ಅವನನ್ನೇ ಕರೆದುಕೊಂಡು ಹೋಗಿ, ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲಿಡಿ.