ಲಾಕ್ (ಎರಡೂ ತುದಿಗೆ ಗೇಟಿರುವ ಇಕ್ಕಟ್ಟಾದ ನೀರಿನ ಕೋಣೆ) ಒಳಗೆ ದೊಡ್ಡ ಹಡಗನ್ನು ಹಿಡಿದಿಡಲು ದಪ್ಪ ಹಗ್ಗ ಮೇಲೋ, ಹಡಗನ್ನು ಎಳೆದು ತಳ್ಳುವ ಸಣ್ಣ ದೋಣಿ ಟಗ್ ಮೇಲೋ?

ಎರಡೂ ಅಲ್ಲ ಮಾರಾಯ್ರೆ. ನಾನೂ ಹೊಸದಾಗಿ ಸೆಕೆಂಡ್ ಮೇಟ್ (ಹಡಗಿನ ಕಿರಿಯ ಅಧಿಕಾರಿ) ಆದಾಗ ಹೀಗೇ ಅಂದುಕೊಂಡಿದ್ದೆ, ಬಿಗಿಯಾಗಿ ಕಟ್ಟಿದರೆ ಹಡಗು ಎಲ್ಲಿಗೆ ಹೋದೀತು ಅಂತ.

ಮುಂಬೈಯ ಇಂದಿರಾ ಡಾಕ್. ಉಬ್ಬರ ಇಳಿತ ತಾಗದಂತೆ ಗೇಟು ಹಾಕಿ ನೀರು ಹಿಡಿದಿಟ್ಟ ಡಾಕ್ ಅದು. ಒಳಹೋಗುವ ಲಾಕ್ ಅಗಲ 30.5 ಮೀಟರ್, ನಮ್ಮ ಹಡಗಿನದು 27. ಮಾಲು ತುಂಬಿ ಬಂದಿದ್ದೆವು. ನನ್ನ ಡ್ಯೂಟಿ ಹಿಂಬದಿಯಲ್ಲಿ.

ಹಡಗು ಮೂಗು ತೂರಿಸಿದ ಕೂಡಲೇ ಎದುರಿನ ನೀರಿಗೆ ದಾರಿ ಇರುವುದಿಲ್ಲ. ಪಕ್ಕದ ಸಂದಿಯಿಂದ, ತಳದ ಕೆಳಗಿನಿಂದ ನುಸುಳಿ ಹಿಂದೆ ಬರಬೇಕು. ಚಕ್ಕುಲಿ ಒರಳು ಒತ್ತುವಾಗ ಕೈಗೆ ಎದುರೊತ್ತು ಸಿಗುತ್ತಲ್ಲ, ಅದೇ. ವೇಗ ತಾನಾಗಿ ಸಾಯುತ್ತೆ. ಎಂಜಿನ್ ಜಾಸ್ತಿ ಕೊಟ್ಟರೆ ಹಡಗು ಇನ್ನಷ್ಟು ಕೆಳಗೆ ಕೂರುತ್ತೆ.

ನಾನು ಗೋಡೆಯ ಪಾಚಿ ಹಿಡಿದ ಕಬ್ಬಿಣದ ಏಣಿಯನ್ನೇ ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ. ಹಡಗು ನಿಂತಿತು ಅಂತ ತೀರ್ಮಾನಿಸಿ, ದಡಕ್ಕೆ ಕೊಟ್ಟಿದ್ದ ಸ್ಪ್ರಿಂಗ್ ಹಗ್ಗವನ್ನು (ಹಡಗು ಹಿಂದೆಮುಂದೆ ಸರಿಯದಂತೆ ಹಿಡಿಯುವುದು) ಡೆಕ್ಕಿನ ಕಬ್ಬಿಣದ ಗೂಟ, ಅಂದರೆ ಬಿಟ್ಸ್‌ಗೆ ಸುತ್ತಿಸಿಬಿಟ್ಟೆ. ಹಳೇ ಖಲಾಸಿ "ಸಾಬ್, ಥೋಡಾ ರುಕೋ" ಅಂದ. ಕೇಳಲಿಲ್ಲ. ಅಸಲಿಗೆ ಎಂಜಿನ್ನೂ ನೀರೂ ಆ ಗಳಿಗೆಗೆ ಸಮಸಮ ಇದ್ದವಷ್ಟೇ. ಬಂದರಿನ ದಾರಿ ತೋರಿಸುವ ಪೈಲಟ್ ಎಂಜಿನ್ ನಿಲ್ಲಿಸಿದರು, ಮುಂದೆ ಏರಿ ನಿಂತಿದ್ದ ನೀರು ಹಡಗನ್ನು ಹಿಂದಕ್ಕೆ ಒತ್ತಿತು. ಏಣಿ ಒಂದು ಗೇಣು ಸರಿಯಿತು, ಆಮೇಲೆ ಒಂದು ಮೊಳ. ಹಗ್ಗದಿಂದ ನೀರು ಹಿಂಡಿ ಹನಿಯಿತು. ಕಿರುಗುಟ್ಟಿತು. ಮರುಕ್ಷಣ ಕೋವಿ ಹೊಡೆದ ಸದ್ದು. ತುಂಡಾದ ತುದಿ ಬೀಸಿ ರೇಲಿಂಗ್ ಸೊಟ್ಟ ಮಾಡಿತು. ಖಲಾಸಿ ನನ್ನ ಕಾಲರ್ ಹಿಡಿದು ಕೆಳಗೆಳೆದಿದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಚೀಫ್ ಮೇಟ್ ಆಗುವ ಬಡ್ತಿ ಎರಡು ವರ್ಷ ತಡವಾಯಿತು.

ಬಿಗಿ ಮಾಡಿ ಅಂತ ಹಡಗು ನಡೆಸುವ ಜಾಗವಾದ ಬ್ರಿಡ್ಜ್‌ನಿಂದ ಯಾರೂ ಹೇಳಿರಲಿಲ್ಲ, ಅದು ಮುಖ್ಯ. ಹಗ್ಗವನ್ನು ಅದನ್ನು ಸುತ್ತಿ ಬಿಡುವ ಯಂತ್ರ ವಿಂಚಿನಲ್ಲೇ ಇಟ್ಟು, ಎಳೆದಾಗ ಬಿಟ್ಟು, ಸಡಿಲಾದಾಗ ಸೆಳೆದು, ಗಾಳಿಪಟದ ದಾರದ ಹಾಗೆ ಆಡಿಸಬೇಕಿತ್ತು. ನೀವು ಹೇಳುವ ದಪ್ಪ ಹಗ್ಗ ಇದ್ದಿದ್ದರೆ ಬಿಟ್ಸೇ ಕಿತ್ತು ಬರುತ್ತಿತ್ತೇನೋ!

ಟಗ್ ಪಕ್ಕಕ್ಕೆ ನಿಲ್ಲಲು ಜಾಗವೆಲ್ಲಿದೆ? ಪನಾಮಾ ಕಾಲುವೆಯ ಹಳೇ ಲಾಕ್‌ಗಳಲ್ಲಂತೂ 33.5 ಮೀಟರ್ ಅಗಲದೊಳಗೆ 32.3 ಮೀಟರಿನ ಹಡಗು, ಪಕ್ಕಕ್ಕೆ ಎರಡೆರಡು ಅಡಿ. ಅಲ್ಲಿ ದಡದ ಹಳಿ ಮೇಲೆ ಓಡುವ ಲೋಕೋಮೋಟಿವ್‌ಗಳು ತಂತಿ ಹಿಡಿದು ನಡೆಯುತ್ತವೆ. ಆ ತಂತಿಯನ್ನೂ ಬಿಡುತ್ತಾ ಎಳೆಯುತ್ತಾ ಇರುತ್ತಾರೆ, ಕಟ್ಟಿಹಾಕುವುದಿಲ್ಲ.

ನಿಮ್ಮ ತಮ್ಮ ಹಡಗು ಸೇರುತ್ತಿದ್ದಾನೆ ಅಂದಿರಿ. ಹಗ್ಗದ ನೇರಕ್ಕೆ ನಿಲ್ಲಬೇಡ ಅನ್ನಿ. ಡೊಂಬಿವಲಿ ಕಡೆ ಬಂದರೆ ಮನೆಗೆ ಕಳಿಸಿ, ಆ ಹಗ್ಗದ ತುಂಡು ಈಗ ನಮ್ಮ ಬಾಗಿಲಲ್ಲಿ ಕಾಲೊರಸು.