ಗೃಹಲಕ್ಷ್ಮಿಯ ಎರಡು ಸಾವಿರ, ಮೇಷ್ಟರ ಸಂಬಳ: ಜಿಡಿಪಿಯಲ್ಲಿ ಯಾವುದು ಎಲ್ಲಿ?

ಪ್ರಶ್ನೆ: ನಮ್ಮ ದೇಶದಲ್ಲಿ ಸರ್ಕಾರದ ಬಳಕೆ ವೆಚ್ಚ ಜಿಡಿಪಿಯ ಶೇ 10ರ ಆಸುಪಾಸು, ಸ್ವೀಡನ್‌ನಲ್ಲಿ ಶೇ 25ಕ್ಕೂ ಜಾಸ್ತಿ ಅಂತ ಓದಿದೆ. ಇಲ್ಲಿ ಇಷ್ಟೊಂದು ಯೋಜನೆಗಳಿವೆ, ಗೃಹಲಕ್ಷ್ಮಿಗೇ ಎಷ್ಟೊಂದು ಹಣ ಹೋಗುತ್ತದೆ. ಆದರೂ ಶೇ 10 ಮಾತ್ರವೇ? ಪಾಲು ಕಡಿಮೆ ಇದ್ದರೆ ಸರ್ಕಾರ ಹಿಡಿತದಲ್ಲಿ ಖರ್ಚು ಮಾಡುತ್ತಿದೆ ಅಂತ ಅರ್ಥವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಗೃಹಲಕ್ಷ್ಮಿಯ 2,000 ರೂಪಾಯಿ ಈ ಶೇ 10ರೊಳಗೆ ಬರುವುದೇ ಇಲ್ಲ. ಜಿಡಿಪಿ ಅಂದರೆ ಒಂದು ಅವಧಿಯಲ್ಲಿ ದೇಶದಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆ. ಆ ಹಣ ಕೊಟ್ಟು ಸರ್ಕಾರ ಏನನ್ನೂ ಕೊಂಡಿಲ್ಲ, ಮನೆಯ ಯಜಮಾನಿಯ ಖಾತೆಗೆ ಹಾಕಿದೆ ಅಷ್ಟೆ. ಆಕೆ ಅದರಲ್ಲಿ ತೊಗರಿಬೇಳೆ, ಎಣ್ಣೆ ತಂದಾಗ ಅದು ಜನರ ಬಳಕೆಯ ಲೆಕ್ಕಕ್ಕೆ ಸೇರುತ್ತದೆ. ಎರಡೂ ಕಡೆ ಬರೆದರೆ ಒಂದೇ ಬೇಳೆಯನ್ನು ಎರಡು ಸಲ ಅಳೆದ ಹಾಗಾಗುತ್ತೆ, ಅಲ್ವಾ?

ಸಾಲದ ಬಡ್ಡಿಯೂ ಇದರಿಂದ ಹೊರಗೆ. 2024-25ರ ಕೇಂದ್ರ ಬಜೆಟ್ಟಿನ ಅಂದಾಜು ವೆಚ್ಚ ಸುಮಾರು 48.2 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸುಮಾರು 11.6 ಲಕ್ಷ ಕೋಟಿಯನ್ನು ಬಡ್ಡಿಗೇ ಅಂತ ಎತ್ತಿಟ್ಟಿದ್ದರು. ರಸ್ತೆ, ಸೇತುವೆ ಕಟ್ಟಿದ್ದು ಬಂಡವಾಳ ಹೂಡಿಕೆಯ ಕಡೆಗೆ ಹೋಗುತ್ತದೆ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಮೇಷ್ಟರ, ನರ್ಸಮ್ಮನ, ಪೊಲೀಸರ, ಸೈನಿಕರ ಸಂಬಳ, ಆಸ್ಪತ್ರೆಯ ಔಷಧಿ, ಅಂಗನವಾಡಿಯ ಮೊಟ್ಟೆ, ಕಚೇರಿಯ ಕಾಗದ. ಇದನ್ನೇ ಸರ್ಕಾರದ ಬಳಕೆ ಅನ್ನುವುದು.

ನನ್ನ ಅಮ್ಮ ಕಡೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ಸಂಜೆ ಬರುವಾಗ ಅವರ ಸೆರಗಿನ ತುದಿಯಲ್ಲಿ ಚಾಕ್‌ಪೀಸಿನ ಚೂರುಗಳು ಇರುತ್ತಿದ್ದವು. ಬೆರಳಲ್ಲಿ ಹಿಡಿಯಲು ಬಾರದಷ್ಟು ಸಣ್ಣವು. ರಾತ್ರಿ ಕರೆಂಟ್ ಹೋದರೆ ಲಾಟೀನು ಹಚ್ಚಿ, ಜಗಲಿಯ ಮೇಲೆ ಆ ಚೂರುಗಳಲ್ಲೇ ಏಳೆಂಟು ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ಎಷ್ಟೋ ವರ್ಷ ಆದಮೇಲೆ ಅರ್ಥಶಾಸ್ತ್ರ ಪಾಠ ಮಾಡುವಾಗ ನನಗೆ ಹೊಳೆಯಿತು: ಹಗಲಿನ ಪಾಠ ಅಮ್ಮನ ಸಂಬಳದ ಲೆಕ್ಕದಲ್ಲಿ ಜಿಡಿಪಿಗೆ ಸೇರಿದೆ, ಜಗಲಿಯ ಪಾಠ ಎಲ್ಲೂ ಸೇರಿಲ್ಲ.

ಸರ್ಕಾರಿ ಶಾಲೆಯ ಪಾಠಕ್ಕೆ ಮಾರುಕಟ್ಟೆಯ ಬೆಲೆ ಇಲ್ಲ. ಹಾಗಾಗಿ ಅದಕ್ಕೆ ಎಷ್ಟು ಖರ್ಚಾಯಿತೋ ಅದನ್ನೇ ಬೆಲೆ ಅಂತ ಬರೆದುಕೊಳ್ಳುತ್ತಾರೆ. ನಾನು ನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಕಾಯಂ ಆದಮೇಲೆ ಅದೇ ಪುಸ್ತಕ, ಅದೇ ಬೆಂಚು, ಅದೇ ಅಧ್ಯಾಯ. ಸಂಬಳ ಮಾತ್ರ ಮೂರು ಪಟ್ಟಿಗಿಂತ ಜಾಸ್ತಿ. ದೇಶದ ಲೆಕ್ಕದ ಪುಸ್ತಕದಲ್ಲಿ ನನ್ನ ಪಾಠದ ಬೆಲೆಯೂ ಅಷ್ಟೇ ಏರಿತು! ಅದೇ ರೀತಿ ಒಂದು ಹುದ್ದೆ ಖಾಲಿ ಬಿದ್ದರೆ ಸರ್ಕಾರದ ಬಳಕೆ ಅಷ್ಟು ಇಳಿಯುತ್ತದೆ. ಅದನ್ನು ಉಳಿತಾಯ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ತರಗತಿಯ ಮಕ್ಕಳು ಸುಮ್ನೆ ಕೂತಿರುತ್ತಾರೆ.

ಈಗ ಸ್ವೀಡನ್ ವಿಷಯ. ಅಲ್ಲಿ ಶಾಲೆ, ಆಸ್ಪತ್ರೆ, ವಯಸ್ಸಾದವರ ಆರೈಕೆಯ ಬಹುಪಾಲು ವೆಚ್ಚವನ್ನು ತೆರಿಗೆ ಹಣದಿಂದ ಸರ್ಕಾರವೇ ಭರಿಸುತ್ತದೆ. ನಮ್ಮಲ್ಲಿ ಮಗುವನ್ನು ಕಾನ್ವೆಂಟಿಗೆ ಸೇರಿಸಿದರೆ ಆ ಫೀಸು ಜನರ ಬಳಕೆಯ ಲೆಕ್ಕಕ್ಕೆ ಹೋಗುತ್ತದೆ. ಮಗು ಕಲಿಯುವುದು ಅದೇ ಮಗ್ಗಿ, ಆದರೆ ದುಡ್ಡು ಕೊಟ್ಟವರು ಅಪ್ಪ-ಅಮ್ಮ. 2021-22ರಲ್ಲಿ ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನರೇ ನೇರವಾಗಿ ಜೇಬಿನಿಂದ ಕೊಟ್ಟಿದ್ದಾರೆ. 2013-14ರಲ್ಲಿ ಇದು ಶೇ 64.2 ಇತ್ತು. ಇಳಿದಿದೆ, ನಿಜ. ಆದರೂ ಚಿಕಿತ್ಸೆಗೆ ಬಳೆ ಅಡವಿಡುವುದು ಇನ್ನೂ ನಿಂತಿಲ್ಲ. ಆದ್ದರಿಂದ ಶೇ 10 ಅಂದಾಗ ಸರ್ಕಾರ ದುಂದು ಮಾಡಿಲ್ಲ ಅಂದುಕೊಳ್ಳುವ ಮೊದಲು, ಉಳಿದ ಬಿಲ್ಲು ಯಾರ ಮನೆಗೆ ಬಂತು ಅಂತ ಕೇಳಬೇಕು.

ಇನ್ನೊಂದು ಮಾತು. ಪಾಲು ಏರಿದ ಮಾತ್ರಕ್ಕೆ ಖರ್ಚೇ ಏರಿದೆ ಅನ್ನುವ ಹಾಗಿಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಲಾಕ್‌ಡೌನ್ ಇತ್ತಲ್ಲ, ಮೊದಲ ಅಂದಾಜಿನ ಪ್ರಕಾರ ಆಗ ಜಿಡಿಪಿ ಶೇ 23.9ರಷ್ಟು ಕುಸಿಯಿತು. ಸರ್ಕಾರದ ಬಳಕೆ ಶೇ 16.4ರಷ್ಟು ಏರಿತು. ಪಾಲು ಅಂದರೆ ಸರ್ಕಾರದ ಬಳಕೆಯನ್ನು ಜಿಡಿಪಿಯಿಂದ ಭಾಗಿಸಿದ್ದು. ಮೇಲಿನ ಸಂಖ್ಯೆ ಹಿಗ್ಗಿತು, ಕೆಳಗಿನದು ಕುಗ್ಗಿತು, ಪಾಲು ಜಿಗಿಯಿತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ಆದಾಯದ ಈ ಲೆಕ್ಕಕ್ಕೆ ಅಡಿಪಾಯ ಹಾಕಿದವರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಒಬ್ಬರು. 1949ರ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್, ಅರ್ಥಶಾಸ್ತ್ರಜ್ಞ ಗಾಡ್ಗೀಳ್ ಅವರ ಜೊತೆ ಇದ್ದವರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದರು, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ (ಐಸೆಕ್) ಕಟ್ಟಿದರು.

ನೀವು ತಿಪಟೂರಿನವರು. ಹತ್ತಿರದ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ, ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಅಂತ ಕೇಳಿ. ಆ ಎರಡು ಸಂಖ್ಯೆಗಳನ್ನು ನನಗೂ ಬರೆದು ಕಳಿಸಿ.